ಡೌನ್ ಸಿಂಡ್ರೋಮ್ ಇರುವ ಮಗುವಿಗೆ ಎಷ್ಟು ಭಾಷೆ?

ಕಾಪುವಿನಲ್ಲಿ ಹುಟ್ಟಿದ ಮಗುವಿನ ಕಿವಿಗೆ ಮೂರು ನಾಲ್ಕು ಭಾಷೆಗಳು ಬೀಳುವುದು ಹೊಸ ಸಂಗತಿಯಲ್ಲ. ಕಡಲ ಕರೆಯ ಮೊಗವೀರರ ಮನೆಗಳಲ್ಲಿ, ಒಳಗಿನ ಬಿಲ್ಲವರ, ಬಂಟರ ಮನೆಗಳಲ್ಲಿ ತುಳು. ಶಿರ್ವದ ಕ್ರೈಸ್ತರ ಮನೆಯಲ್ಲೊಂದು ಬಗೆಯ ಕೊಂಕಣಿ, ಪೇಟೆಯ ಗೌಡ ಸಾರಸ್ವತರ ಮನೆಯಲ್ಲಿ ಇನ್ನೊಂದು ಬಗೆಯದು. ಬ್ಯಾರಿಗಳ ಮನೆಯಲ್ಲಿ ಬ್ಯಾರಿ. ಅಂಗನವಾಡಿಯ ಹಾಡು ಕನ್ನಡದ್ದು, ಎಲ್‌ಕೆಜಿಯ ರೈಮ್ಸ್ ಇಂಗ್ಲಿಷಿನದು. ಮಕ್ಕಳು ಇದನ್ನೆಲ್ಲ ಅಂಗಳದಲ್ಲಿ ಆಡುತ್ತಲೇ ಕಲಿಯುತ್ತಾರೆ, ದೊಡ್ಡವರು ಅದರ ಬಗ್ಗೆ ಯೋಚಿಸುವುದೂ ಇಲ್ಲ. ಮಗುವಿಗೆ ಡೌನ್ ಸಿಂಡ್ರೋಮ್ ಇದೆ ಎಂದು ಗೊತ್ತಾದ ಮನೆಯಲ್ಲಿ ಮಾತ್ರ ಭಾಷೆ ಒಮ್ಮೆಗೇ ಚಿಂತೆಯ ವಿಷಯವಾಗುತ್ತದೆ. ಎರಡು ವರ್ಷವಾದರೂ ಮಾತು ಹೊರಡದಿದ್ದರೆ ನೆಂಟರಿಂದ, ಟೀಚರುಗಳಿಂದ, ಕೆಲವೊಮ್ಮೆ ವೈದ್ಯರಿಂದಲೂ ಒಂದೇ ಸಲಹೆ: ತುಳು ಬಿಡಿ, ಮನೆಯಲ್ಲಿ ಎಲ್ಲರೂ ಕನ್ನಡವನ್ನೇ ಆಡಿ, ಇಲ್ಲವೇ ಮುಂದೆ ಶಾಲೆಗೆ ಬೇಕಾದ ಇಂಗ್ಲಿಷನ್ನೇ ಆಡಿ, ಈ ಮಗುವಿಗೆ ಒಂದು ಭಾಷೆ ಬಂದರೆ ಅದೇ ದೊಡ್ಡದು. ಹೇಳುವವರ ಕಾಳಜಿಯಲ್ಲಿ ಸುಳ್ಳಿಲ್ಲ. ಆದರೂ ಈ ಸಲಹೆ ತಪ್ಪು. ಮಗುವಿಗೆ ಅತ್ಯಂತ ಅಗತ್ಯವಾದುದನ್ನೇ ಇದು ಕಿತ್ತುಕೊಳ್ಳುತ್ತದೆ ಎಂಬುದು ಈ ಅಧ್ಯಾಯದ ವಾದ.

ಮೊದಲು ಡೌನ್ ಸಿಂಡ್ರೋಮ್ ಎಂದರೇನು ಎಂಬುದನ್ನು ಸ್ವಲ್ಪದರಲ್ಲಿ ನೋಡೋಣ. 1866ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ಇದರ ಲಕ್ಷಣಗಳನ್ನು ಬರೆದಿಟ್ಟ. ಕಾರಣ ತಿಳಿದದ್ದು 1959ರಲ್ಲಿ, ಫ್ರಾನ್ಸಿನಲ್ಲಿ. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿರಬೇಕು. ಈ ಮಕ್ಕಳಲ್ಲಿ 21ನೆಯದು ಎರಡರ ಬದಲು ಮೂರಿದ್ದು, ಒಟ್ಟು 47 ಆಗಿರುತ್ತದೆ. ನೂರರಲ್ಲಿ ಸುಮಾರು 95 ಮಕ್ಕಳಲ್ಲಿ ಇದು ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ ವರ್ಣತಂತುಗಳು ಸರಿಯಾಗಿ ಬೇರ್ಪಡದೆ ಆದದ್ದು. ತಾಯಿ ಏನು ತಿಂದಳು, ಗ್ರಹಣದ ದಿನ ಎಲ್ಲಿ ನಿಂತಳು, ಯಾವ ಹರಕೆ ಬಾಕಿ ಇಟ್ಟಳು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ತಾಯಿಯ ವಯಸ್ಸು ಏರಿದಂತೆ ಸಾಧ್ಯತೆ ಏರುತ್ತದೆ ನಿಜ. ಆದರೆ ಹೆಚ್ಚು ಹೆರಿಗೆಗಳು ಚಿಕ್ಕ ವಯಸ್ಸಿನಲ್ಲೇ ಆಗುವುದರಿಂದ ಇಂಥ ಮಕ್ಕಳ ತಾಯಂದಿರಲ್ಲಿ ಬಹಳಷ್ಟು ಮಂದಿ 35 ದಾಟದವರು. ಇವರಲ್ಲಿ ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ, ಹಲವರಿಗೆ ಥೈರಾಯ್ಡ್ ಕೊರತೆ ಬರುತ್ತದೆ. ಮೈಯ ಸ್ನಾಯುಗಳು ಸಡಿಲವಾಗಿರುವುದರಿಂದ ನಡೆಯುವುದು ಸರಾಸರಿ ಎರಡು ವರ್ಷಕ್ಕೆ, ಕೆಲವರಿಗೆ ಇನ್ನೂ ತಡವಾಗಿ. ಹೃದಯದ ಎಕೋ, ಥೈರಾಯ್ಡಿನ ರಕ್ತಪರೀಕ್ಷೆ, ಕಣ್ಣು, ಕಿವಿ ಇವುಗಳ ತಪಾಸಣೆಗೆ ಕಾಯುವ ಮಾತೇ ಇಲ್ಲ.

ಮಾತಿನ ವಿಷಯದಲ್ಲಿ ಈ ಮಕ್ಕಳಲ್ಲಿ ಒಂದು ವಿಶೇಷ ಕಾಣುತ್ತದೆ, ಅದು ಇಡೀ ವಾದಕ್ಕೆ ಬುಡ. ಇವರಿಗೆ ಅರ್ಥವಾಗುವುದು ಹೆಚ್ಚು, ಹೇಳಲಾಗುವುದು ಕಡಿಮೆ. ಎರಡರ ನಡುವಿನ ಅಂತರ ಬೇರೆ ಮಕ್ಕಳಿಗಿಂತ ದೊಡ್ಡದು, ಅದು ಹಲವು ವರ್ಷ ಉಳಿಯುತ್ತದೆ. ಬಾಯಿಯ ಒಳಜಾಗ ಕಿರಿದು, ಅದಕ್ಕೆ ಹೋಲಿಸಿದರೆ ನಾಲಗೆ ದೊಡ್ಡದು, ತುಟಿ ಮತ್ತು ದವಡೆಯ ಬಿಗಿ ಕಡಿಮೆ. ಹೀಗಾಗಿ ಉಚ್ಚಾರ ತಿಳಿಯಾಗಿ ಬರುವುದಿಲ್ಲ. ಕಿವಿಯಿಂದ ಕೇಳಿದ್ದನ್ನು ಕೆಲವು ಕ್ಷಣ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಇವರಲ್ಲಿ ದುರ್ಬಲ. ಉದ್ದ ವಾಕ್ಯ ಹೇಳಿದರೆ ಬಾಲ ಸೇರುವ ಹೊತ್ತಿಗೆ ತಲೆ ಜಾರಿರುತ್ತದೆ. ಕಣ್ಣಿನಿಂದ ನೋಡಿದ್ದು ಇದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ಎರಡು ವರ್ಷದ ಮಗು ಬಾಯಿ ಬಿಡದಿದ್ದಾಗ 'ಇದಕ್ಕೆ ಏನೂ ತಿಳಿಯುವುದಿಲ್ಲ' ಎಂದು ತೀರ್ಮಾನಿಸಿ ಮಾತಾಡಿಸುವುದನ್ನೇ ಕಡಿಮೆ ಮಾಡಿದರೆ ಆಗುವ ನಷ್ಟಕ್ಕೆ ಲೆಕ್ಕವಿಲ್ಲ. ಅದು ಕೇಳುತ್ತಿದೆ, ಕೂಡಿಡುತ್ತಿದೆ.

ಕೇಳುತ್ತಿದೆಯೇ? ಇದನ್ನು ಮಾತ್ರ ಊಹೆಗೆ ಬಿಡಬಾರದು. ಡೌನ್ ಸಿಂಡ್ರೋಮ್ ಇರುವ ನಾಲ್ಕು ಮಕ್ಕಳಲ್ಲಿ ಮೂವರವರೆಗೂ ಯಾವುದೋ ಒಂದು ಮಟ್ಟದ ಶ್ರವಣ ದೋಷ ಕಾಣಬಹುದು. ಇವರ ಕಿವಿಯ ನಾಳ ಸಣ್ಣದು, ಮೂಗಿನ ಹಿಂಬದಿಯಿಂದ ನಡುಗಿವಿಗೆ ಹೋಗುವ ಕೊಳವೆಯೂ ಇಕ್ಕಟ್ಟು. ಶೀತವಾದರೆ ನಡುಗಿವಿಯಲ್ಲಿ ದ್ರವ ನಿಂತು ವಾರಗಟ್ಟಲೆ ಉಳಿಯುತ್ತದೆ. ನೋವಿಲ್ಲ, ಸೋರುವುದಿಲ್ಲ, ಮಗುವಿಗೆ ಮಾತು ನೀರಿನೊಳಗಿಂದ ಬಂದಂತೆ ಕೇಳುತ್ತದೆ, ಅಷ್ಟೆ. ಕರಾವಳಿಯ ಮಳೆಗಾಲದಲ್ಲಿ ಶೀತ ಬಾರದ ಮಗು ಎಲ್ಲಿದೆ? ಅದಕ್ಕೇ ಹುಟ್ಟಿದಾಗ ಒಮ್ಮೆ ಕಿವಿ ಪರೀಕ್ಷೆ ಸರಿಯಾಗಿ ಬಂದಿತ್ತು ಎಂದರೆ ಸಾಲದು. ಎಳೆಯ ವಯಸ್ಸಿನಲ್ಲಿ ಆರು ತಿಂಗಳಿಗೊಮ್ಮೆ ಆಗಬೇಕು. ಕಾಪುವಿನವರಿಗೆ ಇದು ದೂರದ ಮಾತಲ್ಲ. 1953ರಲ್ಲಿ ಡಾ. ಟಿ.ಎಂ.ಎ. ಪೈ ಕಟ್ಟಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿರುವ ಮಣಿಪಾಲದಲ್ಲಿ ವಾಕ್ ಮತ್ತು ಶ್ರವಣಕ್ಕೇ ಮೀಸಲಾದ ವಿಭಾಗವಿದೆ. ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಗುರುತಿಸಬೇಕಾದ ಜನ್ಮದೋಷಗಳ ಪಟ್ಟಿಯಲ್ಲಿ, 2013ರಲ್ಲಿ ಅದು ಶುರುವಾದಾಗಿನಿಂದಲೂ ಡೌನ್ ಸಿಂಡ್ರೋಮ್ ಇದೆ. ನಾಲಗೆಗೆ ಬಜೆ ತೇಯ್ದು ಹಚ್ಚುವ ಅಜ್ಜಿಯ ಪ್ರೀತಿಯನ್ನು ಯಾರೂ ಹಳಿಯಬೇಕಿಲ್ಲ, ಆದರೆ ಬಜೆ ನಡುಗಿವಿಯ ದ್ರವವನ್ನು ತೆಗೆಯುವುದಿಲ್ಲ. ಎಷ್ಟೋ ಮನೆಗಳಲ್ಲಿ ಭಾಷೆ ಹೆಚ್ಚಾಯಿತೆಂದು ದೂರುವಾಗ ನಿಜವಾಗಿ ಕಡಿಮೆಯಾಗಿರುವುದು ಕಿವಿ.

ಕಿವಿ ಸರಿಯಿದ್ದ ಮೇಲೆ ಮಾತು ಹೇಗೆ ಬರುತ್ತದೆ? ಥೆರಪಿಯಿಂದ ಎಂದು ಹೇಳಿದರೆ ಅರ್ಧ ಉತ್ತರ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಥೆರಪಿಗೆ ಹೋಗಿಬರುವುದೇ ಹೆಚ್ಚಿನ ಕುಟುಂಬಗಳಿಗೆ ದೊಡ್ಡ ಸಾಹಸ. ಎಚ್ಚರವಿರುವ ಉಳಿದ ಎಂಬತ್ತು ತೊಂಬತ್ತು ಗಂಟೆ ಮಗು ಮನೆಯಲ್ಲಿರುತ್ತದೆ. ಸ್ನಾನಕ್ಕೆ ಎಣ್ಣೆ ಹಚ್ಚುವಾಗ, ಕುಚಲಕ್ಕಿ ಗಂಜಿ ಉಣಿಸುವಾಗ, ಮೀನು ತಂದವರ ಬುಟ್ಟಿಯನ್ನು ಇಣುಕಿ ನೋಡುವಾಗ, ಅದೇ ಅದೇ ಪದ ಅದೇ ಅದೇ ವಸ್ತುವಿನ ಜೊತೆ ನೂರು ಸಲ ಕಿವಿಗೆ ಬೀಳಬೇಕು. ಮುಖ ನೋಡಿ ಹೇಳಬೇಕು, ಚುಟುಕಾಗಿ ಹೇಳಬೇಕು, ಮಗು ಉತ್ತರ ಕೊಡಲು ತಡಮಾಡಿದರೆ ಕಾಯಬೇಕು. ಬೇರೆ ಮಗು ಹತ್ತು ಸಲಕ್ಕೆ ಕಲಿತರೆ ಈ ಮಗುವಿಗೆ ನೂರು ಸಲ ಬೇಕು ಎಂಬುದೇ ವ್ಯತ್ಯಾಸ. ಆ ನೂರು ಸಲ ಹೇಳುವವರು ಯಾರು? ತುಳು ಮನೆಯ ಅಜ್ಜಿ 'ಬಲ', 'ಕುಲ್ಲು' ಎಂದು ದಿನವಿಡೀ ಮಾತಾಡಿಸಬಲ್ಲಳು. ಅವಳಿಗೆ 'ಕನ್ನಡದಲ್ಲೇ ಹೇಳಬೇಕು' ಎಂದು ಕಟ್ಟು ಹಾಕಿದರೆ ಅವಳ ಮಾತು ತೂಕದ ಮಾತಾಗುತ್ತದೆ, ಆಮೇಲೆ ಕಡಿಮೆಯಾಗುತ್ತದೆ, ಕೊನೆಗೆ ನಿಲ್ಲುತ್ತದೆ. ಒಂದು ಭಾಷೆ ಉಳಿಸಲು ಹೋಗಿ ಮಗುವಿನ ಪಾಲಿನ ಮಾತನ್ನೇ ಬತ್ತಿಸಿದಂತಾಗುತ್ತದೆ. ಮನೆಯ ಉಳಿದವರೆಲ್ಲ ತಮ್ಮತಮ್ಮಲ್ಲಿ ತುಳುವಿನಲ್ಲಿ ನಗುತ್ತ, ಜಗಳಾಡುತ್ತ ಇದ್ದು, ಈ ಮಗುವಿನತ್ತ ತಿರುಗಿದಾಗ ಮಾತ್ರ ಪಾಠದ ಕನ್ನಡಕ್ಕೆ ಬದಲಾದರೆ ಊಟದ ಮನೆಯಲ್ಲಿ ಅದೊಂದೇ ಪರಕೀಯ.

ಎರಡು ಭಾಷೆ ಈ ಮಕ್ಕಳ ಮಾತನ್ನು ಇನ್ನಷ್ಟು ಹಿಂದಕ್ಕೆ ಎಳೆಯುತ್ತದೆಯೇ ಎಂಬುದು ಬರೀ ಅಭಿಪ್ರಾಯದ ಪ್ರಶ್ನೆಯಾಗಿ ಉಳಿದಿಲ್ಲ. ಕೆನಡಾದಲ್ಲಿ ಎಲಿಜಬೆತ್ ಕೇ-ರೇನಿಂಗ್ ಬರ್ಡ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡೌನ್ ಸಿಂಡ್ರೋಮ್ ಇದ್ದು ಎರಡು ಭಾಷೆಗಳ ನಡುವೆ ಬೆಳೆಯುತ್ತಿದ್ದ ಎಂಟು ಮಕ್ಕಳನ್ನು, ಇಂಗ್ಲಿಷೊಂದನ್ನೇ ಕೇಳಿ ಬೆಳೆಯುತ್ತಿದ್ದ ಅಂಥದೇ ಮಕ್ಕಳೊಂದಿಗೆ ಹೋಲಿಸಿದರು. ಇಂಗ್ಲಿಷಿನಲ್ಲಿ ಮೊದಲ ಗುಂಪು ಹಿಂದೆ ಬಿದ್ದಿರಲಿಲ್ಲ. ಎರಡನೆಯ ಭಾಷೆ ಎಷ್ಟು ಬಂದಿತ್ತು ಎಂಬುದು ಮಗುವಿನಿಂದ ಮಗುವಿಗೆ ಬೇರೆಯಿತ್ತು. ಮುಂದೆ ವೇಲ್ಸಿನಲ್ಲಿ ವೆಲ್ಶ್ ಮತ್ತು ಇಂಗ್ಲಿಷ್ ಎರಡನ್ನೂ ಆಡುವ ಮಕ್ಕಳನ್ನು ಬ್ಯಾಂಗರ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗಲೂ ಎರಡು ಭಾಷೆಯಿಂದ ಹಾನಿ ಕಾಣಲಿಲ್ಲ. ಎಂಟು ಮಕ್ಕಳ ಅಧ್ಯಯನವನ್ನು ನೆಚ್ಚುವುದು ಹೇಗೆ, ಕೆನಡಾದ ಇಂಗ್ಲಿಷ್-ಫ್ರೆಂಚಿಗೆ ಒಪ್ಪಿದ್ದು ತುಳು-ಕನ್ನಡಕ್ಕೆ ಒಪ್ಪುತ್ತದೆಯೇ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ತುಳು ಮತ್ತು ಕನ್ನಡ ಒಂದೇ ದ್ರಾವಿಡ ಬಳ್ಳಿಯವು. ಪದಗಳ ಸಾಲು, ವಾಕ್ಯದ ಕೊನೆಗೆ ಬರುವ ಕ್ರಿಯಾಪದ, ಪ್ರತ್ಯಯ ಹಚ್ಚುವ ಕ್ರಮ ಎರಡರಲ್ಲೂ ಬಹಳ ಹತ್ತಿರ. ಫ್ರೆಂಚಿಗೂ ಇಂಗ್ಲಿಷಿಗೂ ಇರುವ ದೂರ ಇಲ್ಲಿಲ್ಲ. ಅದಕ್ಕಿಂತ ಮುಖ್ಯವಾದುದು, ಪುರಾವೆ ತರಬೇಕಾದ ಹೊಣೆ ಯಾರದು ಎಂಬುದು. ಮನೆಮಾತು ಬಿಟ್ಟರೆ ಮಗು ಬೇಗ ಮಾತಾಡುತ್ತದೆ ಎನ್ನುವವರು ಅದನ್ನು ತೋರಿಸಿಕೊಡಬೇಕು. ಬಿಟ್ಟರೆ ಏನು ಕಳೆಯುತ್ತದೆ ಎಂಬುದಂತೂ ಯಾವ ಅಧ್ಯಯನವೂ ಇಲ್ಲದೆ ಗೊತ್ತಿರುವ ವಿಷಯ.

ಕಳೆಯುವುದು ದೀರ್ಘಕಾಲಕ್ಕೆ. 1983ರಲ್ಲಿ ಅಮೆರಿಕದಂಥ ದೇಶದಲ್ಲೂ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯುಸ್ಸು ಸುಮಾರು 25 ವರ್ಷ; ಹೃದಯದ ಶಸ್ತ್ರಚಿಕಿತ್ಸೆ ಸುಲಭವಾದ ಮೇಲೆ ಅಲ್ಲಿ ಈಗ ಅದು 60ರ ಸಮೀಪ. ಇಂದು ಕಾಪುವಿನಲ್ಲಿ ತೊಟ್ಟಿಲಲ್ಲಿರುವ ಮಗು ಐವತ್ತರ ಹರೆಯದಲ್ಲಿ ಯಾರ ಜೊತೆ ಬದುಕುತ್ತದೆ? ಸ್ಪೀಚ್ ಥೆರಪಿಯ ಕೋಣೆಯಲ್ಲಲ್ಲ. ಅಣ್ಣನ ಮಕ್ಕಳ ಜೊತೆ, ನೆರೆಮನೆಯವರ ಜೊತೆ, ಅಂಗಡಿಯಲ್ಲಿ, ಕೋಲದ ಚಪ್ಪರದಲ್ಲಿ, ಸುಗ್ಗಿ ಮಾರಿಪೂಜೆಯ ಜನಜಾತ್ರೆಯಲ್ಲಿ. ಅಲ್ಲಿ ನಡೆಯುವುದು ತುಳು. ಕನ್ನಡವೊಂದನ್ನೇ ಕಲಿಸಿದ ಮಗು ಇಂಥ ಕಡೆ ಪ್ರತಿಸಲವೂ ಅನುವಾದಕರಿಗಾಗಿ ಕಾಯಬೇಕಾದ ಅತಿಥಿ.

ಥೆರಪಿಸ್ಟರಿಗೆ ತುಳು ಬಾರದಿದ್ದರೆ ಎಂಬುದು ಮುಂದಿನ ಆಕ್ಷೇಪ, ಇದು ನಿಜವಾದ ತೊಡಕು. ಮಣಿಪಾಲದಲ್ಲಿ ಓದಲು, ಕೆಲಸ ಮಾಡಲು ಬರುವವರು ದೇಶದ ಎಲ್ಲ ಕಡೆಯವರು. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಪರೀಕ್ಷೆ ಮಾಡಿ ಮಗುವಿಗೆ ಎರಡೇ ಪದ ಬರುತ್ತದೆ ಎಂದು ಬರೆದುಕೊಂಡರೆ ಆ ಲೆಕ್ಕ ಮಗುವಿಗೆ ಅನ್ಯಾಯ. ಕೊಂಕಣಿ ಮನೆಯ ಮಗು ನೀರಿಗೆ 'ಉದಾಕ್' ಎಂದು, ನೆರೆಮನೆಯಲ್ಲಿ ಕೇಳಿದ 'ನುಪ್ಪು' ಎಂದು ಅನ್ನಕ್ಕೆ, ಅಂಗನವಾಡಿಯ 'ಹಾಲು' ಎಂದು ಹಾಲಿಗೆ ಹೇಳಿದರೆ ಅದು ಗೊಂದಲವಲ್ಲ, ಮೂರು ಪದಗಳ ಗಳಿಕೆ. ಎಲ್ಲ ಭಾಷೆಯ ಪದಗಳನ್ನು ಕೂಡಿಸಿಯೇ ಎಣಿಸಬೇಕು. ಮನೆಯವರು ಪಟ್ಟಿ ಬರೆದು ಒಯ್ದರೆ ತುಳು ಬಾರದ ಥೆರಪಿಸ್ಟರೂ ಅದರ ಮೇಲೆ ಕೆಲಸ ಮಾಡಬಲ್ಲರು, ಏಕೆಂದರೆ ಅವರು ಕಲಿಸಿಕೊಡುವುದು ವಿಧಾನ. ಪದ ಮನೆಯದಾಗಿರಲು ಅಡ್ಡಿಯಿಲ್ಲ.

ಕೈಸನ್ನೆಯ ಬಗ್ಗೆಯೂ ಇಂಥದೇ ಭಯವಿದೆ: ಸನ್ನೆ ಕಲಿತರೆ ಬಾಯಿ ಬಿಡುವುದೇ ಇಲ್ಲ ಎಂದು. ಕಂಡುಬಂದಿರುವುದು ಇದಕ್ಕೆ ವಿರುದ್ಧ. ಬಾಯಿಗಿಂತ ಮೊದಲು ಕೈ ಪಳಗುತ್ತದೆ. ಬೇಕು, ಸಾಕು, ಇನ್ನೂ, ನೀರು, ಉಣ್ಣು ಎಂಬುದಕ್ಕೆ ಮಾತಿನ ಜೊತೆಯಲ್ಲೇ ಸನ್ನೆ ಮಾಡಿ ತೋರಿಸಿದರೆ ಮಗು ಹೇಳಬೇಕಾದ್ದನ್ನು ಹೇಳಲಾಗದೆ ರಂಪ ಮಾಡುವುದು ತಗ್ಗುತ್ತದೆ, ಪದ ಬಂದಂತೆ ಸನ್ನೆ ತಾನಾಗಿ ಉದುರುತ್ತದೆ. ಸನ್ನೆಗೆ ಇನ್ನೊಂದು ಲಾಭ, ಅದಕ್ಕೆ ತುಳು ಕನ್ನಡ ಎಂಬ ಗಡಿಯಿಲ್ಲ. ಅಂಗನವಾಡಿಯಲ್ಲೂ ಅಜ್ಜಿಮನೆಯಲ್ಲೂ ಅದೇ ಸನ್ನೆ ನಡೆಯುತ್ತದೆ.

ಓದಿನ ದಾರಿ ಇನ್ನೂ ಕುತೂಹಲದ್ದು. 1980ರ ಸುಮಾರಿಗೆ ಇಂಗ್ಲೆಂಡಿನ ಲೆಸ್ಲಿ ಡಫೆನ್ ಎಂಬ ತಂದೆ, ಡೌನ್ ಸಿಂಡ್ರೋಮ್ ಇರುವ ತನ್ನ ಮಗಳು ಸಾರಾಳಿಗೆ ಮೂರನೆಯ ವರ್ಷದಿಂದಲೇ ಓದಲು ಕಲಿಸಿದ್ದನ್ನು, ಅದರಿಂದ ಅವಳ ಮಾತು ಬೆಳೆದದ್ದನ್ನು ಪೋರ್ಟ್ಸ್‌ಮತ್ತಿನ ಮನಶ್ಶಾಸ್ತ್ರಜ್ಞೆ ಸೂ ಬಕ್ಲಿಗೆ ಪತ್ರ ಬರೆದು ತಿಳಿಸಿದ. ಆ ಪತ್ರದಿಂದ ವರ್ಷಗಟ್ಟಲೆಯ ಸಂಶೋಧನೆ ಹುಟ್ಟಿತು. ಕಿವಿಯಲ್ಲಿ ನಿಲ್ಲದ ಪದ ಕಾಗದದ ಮೇಲೆ ಕಣ್ಣೆದುರು ನಿಲ್ಲುತ್ತದೆ ಎಂಬುದೇ ಇದರ ಗುಟ್ಟು. ಮಾತು ಬಂದ ಮೇಲೆ ಓದು ಎಂಬ ಕ್ರಮವನ್ನು ಈ ಮಕ್ಕಳಿಗಾಗಿ ಸಡಿಲಿಸಬಹುದು. ನಮ್ಮ ಕರಾವಳಿಗೆ ಇಲ್ಲೊಂದು ಅನುಕೂಲ ತಾನಾಗಿ ಒದಗಿದೆ: ತುಳುವನ್ನೂ, ಇಲ್ಲಿಯ ಕೊಂಕಣಿಯನ್ನೂ, ಬ್ಯಾರಿಯನ್ನೂ ಬರೆಯುವುದು ಹೆಚ್ಚಾಗಿ ಕನ್ನಡ ಲಿಪಿಯಲ್ಲೇ. ತುಳುವಿನ ಕೆಲವು ಸ್ವರಗಳು ಈ ಲಿಪಿಯಲ್ಲಿ ಪೂರ್ತಿ ಮೂಡುವುದಿಲ್ಲ, ಇರಲಿ. 'ಅಪ್ಪೆ' ಎಂಬ ಕಾರ್ಡನ್ನು ತಾಯಿಯ ಫೋಟೋದ ಕೆಳಗೆ ಇಟ್ಟು ಕಲಿತ ಮಗು ನಾಳೆ ಶಾಲೆಯ ಗೋಡೆಯಲ್ಲಿ ಅದೇ 'ಅ' ಕಾಣುತ್ತದೆ. ಅಕ್ಷರಮಾಲೆಯನ್ನು ಮುಗಿಸಿ, ಕಾಗುಣಿತ ಮುಗಿಸಿ, ಆಮೇಲೆ ಪದ ಎಂದು ಕೂತರೆ ಈ ಮಗು ದಾರಿಯಲ್ಲೇ ಬಸವಳಿಯುತ್ತದೆ. ಮೊದಲು ತನ್ನವರ ಹೆಸರು, ತಾನು ತಿನ್ನುವ ವಸ್ತುಗಳ ಹೆಸರು, ಇಡೀ ಪದವಾಗಿ.

ಶಾಲೆಯ ಮಾತು ಬಂದಾಗ ಪೋಷಕರು ಹೆದರುವುದು ಸಹಜ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 6ರಿಂದ 18 ವರ್ಷದವರೆಗೆ, ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯವಿರುವ ಮಗುವಿಗೆ ನೆರೆಯ ಶಾಲೆಯಲ್ಲೋ ಇಷ್ಟಪಟ್ಟ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಪಾಂಬೂರಿನ ಮಾನಸ, ಮಣಿಪಾಲದ ಆಸರೆ, ಕಾರ್ಕಳದ ವಿಜೇತದಂಥ ವಿಶೇಷ ಶಾಲೆಗಳು ಈ ಭಾಗದಲ್ಲೇ ಇವೆ. ಅದಕ್ಕೂ ಮೊದಲಿನ ಮೂರು ವರ್ಷ ಅಂಗನವಾಡಿಯದು. ವಿಶೇಷ ಅಗತ್ಯದ ಮಕ್ಕಳನ್ನು ಗುರುತಿಸಿ ಒಳಗೊಳ್ಳುವ ಕ್ರಮವನ್ನು ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಅಂಗನವಾಡಿಗಳಿಗಾಗಿಯೇ ಹೊರಡಿಸಿದೆ. ಅಂಗನವಾಡಿ ಕಾರ್ಯಕರ್ತೆ ಸಾಮಾನ್ಯವಾಗಿ ಅದೇ ಊರಿನವಳು, ಮನೆಮಾತೂ ಬಲ್ಲವಳು. ತುಳುವಿನಲ್ಲಿ ಕರೆದು ಕನ್ನಡದಲ್ಲಿ ಹಾಡಿಸುವುದು ಅವಳಿಗೆ ದಿನನಿತ್ಯದ ಕೆಲಸ. ಇಂಗ್ಲಿಷ್ ನರ್ಸರಿಯ ಸೀಟಿಗಾಗಿ ಎರಡು ವರ್ಷದ ಮಗುವಿನೊಂದಿಗೆ ಮನೆಯವರು ತಮಗೇ ಸರಿಯಾಗಿ ಬಾರದ ಭಾಷೆ ಆಡುವುದಕ್ಕಿಂತ ಈ ಅಂಗನವಾಡಿಯ ಮೂರು ವರ್ಷ ಹೆಚ್ಚು ಬೆಲೆಯದು ಎಂದು ನನಗನ್ನಿಸುತ್ತದೆ. ಇಂಗ್ಲಿಷ್ ಬೇಡವೆಂದಲ್ಲ, ಅದನ್ನು ಬಲ್ಲವರು ಶಾಲೆಯಲ್ಲಿ ಕಲಿಸಲಿ.

ಥೆರಪಿಗೆ ಹೊರಡುವಾಗ ಔಷಧಿಯ ಚೀಟಿಗಳ ಜೊತೆ ಇಪ್ಪತ್ತು ರೂಪಾಯಿಯ ಒಂದು ನೋಟ್ ಪುಸ್ತಕವೂ ಚೀಲದಲ್ಲಿರಲಿ. ಎಡಗಡೆ ಮಗು ಅರ್ಥಮಾಡಿಕೊಳ್ಳುವ ಪದಗಳು, ನಡುವೆ ಸನ್ನೆಯಲ್ಲಿ ಹೇಳುವಂಥವು, ಬಲಗಡೆ ಬಾಯಲ್ಲಿ ಹೇಳುವಂಥವು, ಅರೆಬರೆಯಾದರೂ ಸರಿ, ಯಾವ ಭಾಷೆಯದಾದರೂ ಸರಿ. ಮೊದಲ ವರ್ಷ ಎಡಗಡೆಯೇ ತುಂಬುತ್ತ ಹೋಗುತ್ತದೆ, ಬಲಗಡೆ ಖಾಲಿ ಉಳಿಯುತ್ತದೆ. ಆಗ ಪುಸ್ತಕ ಮುಚ್ಚಿಡಬೇಡಿ, ತಾರೀಕು ಹಾಕಿ ಎಡಗಡೆಯನ್ನೇ ಬರೆಯುತ್ತ ಹೋಗಿ.