ಕಲ್ಲು ಕಾಯುತ್ತದೆ

ಶಾಲೆಯ ವೇಳಾಪಟ್ಟಿ ಬರೆಯುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಎಂಟು ತರಗತಿಗಳನ್ನೂ ಹತ್ತು ಮಂದಿ ಉಪಾಧ್ಯಾಯರನ್ನೂ ಒಂದೇ ಹಾಳೆಯಲ್ಲಿ ಕೂರಿಸಬಲ್ಲವನಿಗೆ ಇಬ್ಬರು ಮಕ್ಕಳನ್ನು ಬಸ್ಸಿನಲ್ಲಿ ಕೂರಿಸುವುದು ಯಾವ ಲೆಕ್ಕ ಎಂದು ನಾನು ಭಾವಿಸಿದ್ದೆ.

ಮೇ ತಿಂಗಳ ರಜೆಯಲ್ಲಿ ಲಿಂಗಸುಗೂರಿನಿಂದ ಸಿಂಧನೂರಿಗೆ, ನನ್ನಾಕೆಯ ತವರಿಗೆ, ತೊಟ್ಟಿಲ ಕಾರ್ಯಕ್ಕೆ ಹೋಗುವುದಿತ್ತು. ದಾರಿ ಐವತ್ತರ ಆಸುಪಾಸು ಕಿಲೋಮೀಟರು, ನಡುವೆ ಮಸ್ಕಿ. ಅಲ್ಲಿಯ ಬಂಡೆಯ ಶಾಸನವನ್ನು 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಕಂಡುಹಿಡಿದರು. ಅದುವರೆಗೆ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಿಂದಷ್ಟೇ ಗೊತ್ತಿದ್ದ ಅರಸನ ಸ್ವಂತ ಹೆಸರು 'ಅಶೋಕ' ಎಂಬುದು ಮೊದಲು ದೊರೆತದ್ದು ಈ ಬಂಡೆಯ ಮೇಲೆ. ಏಳು ವರ್ಷದ ಮಗಳಿಗೆ ಅದನ್ನು ತೋರಿಸುವ ಆಸೆ ನನ್ನದು. ಒಂಬತ್ತಕ್ಕೆ ಬಸ್ಸು, ಹತ್ತಕ್ಕೆ ಮಸ್ಕಿ, ಒಂದೂವರೆ ಗಂಟೆ ಶಾಸನ, ಒಂದಕ್ಕೆ ಸಿಂಧನೂರಿನಲ್ಲಿ ಊಟ: ಹಾಳೆ ಸಿದ್ಧವಾಯಿತು.

ಎರಡು ವರ್ಷದ ಮಗ ಆ ಹಾಳೆಯನ್ನು ಓದಿರಲಿಲ್ಲ. ಎಂಟೂವರೆಗೆ ನಿದ್ದೆ ಹೋದ. ಎಬ್ಬಿಸಿದ್ದಕ್ಕೆ ಅತ್ತ, ಅತ್ತು ಅತ್ತು ಕುಡಿದ ಹಾಲನ್ನೆಲ್ಲ ಕಕ್ಕಿದ, ಅಂಗಿ ಬದಲಾಯಿಸುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಮುಂದಿನ ಬಸ್ಸಿನಲ್ಲಿ ನಿಂತೇ ಮಸ್ಕಿ ತಲುಪಿದಾಗ ಹನ್ನೊಂದೂವರೆ. ರಾಯಚೂರು ಸೀಮೆಯ ಮೇ ಬಿಸಿಲು 40 ಡಿಗ್ರಿ ದಾಟುವುದು ಅಪರೂಪವಲ್ಲ.

"ಇವತ್ತು ಬ್ಯಾಡ್ರಿ, ಸೀದಾ ಊರಿಗೆ ಹೋಗೂಣು" ಎಂದಳು ನನ್ನಾಕೆ. ಹಾಳೆಯಲ್ಲಿ ಶಾಸನವಿತ್ತು, ನಾನು ಗುಡ್ಡದ ಕಡೆಗೆ ನಡೆದೆ.

ಅರ್ಧ ದಾರಿಯಲ್ಲಿ ಹೆಗಲ ಮೇಲಿನ ಮಗು ಅಳು ನಿಲ್ಲಿಸಿತು. ನನಗೆ ಸಮಾಧಾನವಾಯಿತು. ತಾಯಿ ಮಾತ್ರ ಮುಖ ನೋಡಿ ಬೆಚ್ಚಿದಳು: ತುಟಿ ಒಣಗಿ, ಕಣ್ಣು ಗುಳಿಬಿದ್ದು, ಕತ್ತು ವಾಲಿತ್ತು. ಬಾಟಲಿಯ ನೀರು ಬಸ್ಸಿನಲ್ಲೇ ಮುಗಿದಿತ್ತು. ಎಲ್ಲಕ್ಕೂ ವೇಳೆ ಗೊತ್ತುಮಾಡಿದ್ದ ನಾನು ನೀರಿಗೆ ಜಾಗವನ್ನೇ ಬಿಟ್ಟಿರಲಿಲ್ಲ.

ಬೇವಿನ ಮರದಡಿಯ ಮನೆಯೊಂದರಿಂದ ಮುದುಕಿಯೊಬ್ಬಳು ನಮ್ಮನ್ನು ಕೂಗಿ ಕರೆದಳು. ಶುದ್ಧ ನೀರಿನ ಘಟಕದಿಂದ ತಂದಿಟ್ಟಿದ್ದ ಒಂದು ಲೀಟರು ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ, ನನ್ನಾಕೆ ಮಗುವಿಗೆ ಚಮಚದಲ್ಲಿ ಗುಟುಕು ಗುಟುಕಾಗಿ ಕುಡಿಸಿದಳು. ಮಗು ಕಣ್ಣು ಬಿಟ್ಟಿತು. ಇಷ್ಟು ದೂರ ಬಂದು ಶಾಸನ ನೋಡದೆ ಹೋಗುವಂತಾಯಿತಲ್ಲ ಎಂದು ಆಗಲೂ ನನ್ನ ಬಾಯಿಂದ ಬಂದುಬಿಟ್ಟಿತು.

"ಕಲ್ಲು ಎಲ್ಲಿಗೂ ಹೋಗಂಗಿಲ್ಲಪ್ಪಾ, ಇಲ್ಲೇ ಇರ್ತೈತಿ. ಮದ್ಲು ಕೂಸಿನ್ನ ನೋಡು" ಎಂದಳು ಮುದುಕಿ.

ಅಲ್ಲಿಂದ ನೇರವಾಗಿ ಡಾಕ್ಟರಲ್ಲಿಗೆ ಹೋದೆವು. ಇನ್ನೊಂದು ಗಂಟೆ ತಡವಾಗಿದ್ದರೆ ಎಂದು ಆರಂಭಿಸಿದ ಮಾತನ್ನು ಅವರು ನನ್ನಾಕೆಯ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು.

ಮಾರ್ಗಶಿರದಲ್ಲಿ ಮತ್ತೆ ಹೊರಟೆವು. ಈ ಸಲ ಹಾಳೆಯಲ್ಲಿ ಮೊದಲು ಮಗನ ನಿದ್ದೆ, ಬಳಿಕ ಅವನ ಊಟ, ಆಮೇಲೆ ನೀರು. ಉಳಿದ ಜಾಗದಲ್ಲಿ ಬಸ್ಸು. ಒಂದು ದಿನಕ್ಕೆ ಒಂದೇ ಊರು. ಎಳೆಬಿಸಿಲಿನಲ್ಲಿ ಮಗಳು ಬಂಡೆಯ ಅಕ್ಷರಗಳನ್ನು ಕಣ್ತುಂಬ ನೋಡಿದಳು. ದಾರಿಯ ಬದಿಗೆ ಮರ ನೆಡಿಸಿದೆ, ಬಾವಿ ತೋಡಿಸಿದೆ ಎಂದು ಅಶೋಕನು ತನ್ನ ಬೇರೆ ಶಾಸನಗಳಲ್ಲಿ ಹೇಳಿಕೊಂಡದ್ದು ನನಗೆ ನೆನಪಾಯಿತು. ತರಗತಿಯಲ್ಲಿ ಎಷ್ಟೋ ಸಲ ಅದನ್ನು ಬಾಯಿಪಾಠ ಮಾಡಿಸಿದ್ದೇನೆ. ನೆರಳು, ನೀರು ಎಂಬ ಎರಡು ಮಾತಿನ ಅರ್ಥ ತಿಳಿಯಲು ನನಗೆ ಮಗುವಿನ ಒಣಗಿದ ತುಟಿ ಬೇಕಾಯಿತು.

ಹಿಂದಿರುಗುವಾಗ ಮುದುಕಿಯ ಮನೆಗೆ ಹೋದೆವು. ಮಗ ತಾನೇ ನೀರು ಕೇಳಿ, ಅವಳ ಚೆಂಬನ್ನು ಎರಡು ಕೈಯಿಂದಲೂ ಹಿಡಿದು ಕುಡಿದ.