ಬಣ್ಣದ ಕೋಣಕ್ಕೆ ನಡಿಗೆ

ಘಟ್ಟದ ಬುಡದ ನಮ್ಮ ಕೆರಾಡಿಯಲ್ಲಿ ಮಳೆ ಬಲವಾಗಿ ಹಿಡಿಯಿತೆಂದರೆ ಶಾಲೆಗೆ ರಜೆ ಸಾರುವುದುಂಟು. ಅಂಗಳಕ್ಕೆ ಇಳಿಯಲಾಗದ ಮಕ್ಕಳು ಜಗಲಿಯಲ್ಲಿ ಕುಳಿತು ಬಣ್ಣ ತುಂಬುವ ಪುಸ್ತಕವನ್ನು ಬಿಡಿಸುತ್ತಾರೆ. ಆನೆ, ಸಿಂಹ, ಜಿರಾಫೆ, ಕೋಣ. ಗೆರೆಯೊಳಗೆ ಬಣ್ಣ ತುಂಬಿದರೆ ಪುಟ ಮುಗಿಯಿತು. ಪುಟ ಮುಗಿದೊಡನೆ ಪ್ರಾಣಿಯ ಮೇಲಿನ ಆಸೆಯೂ ಮುಗಿಯಿತು. ಮರುದಿನ ಅದು ಬಚ್ಚಲ ಒಲೆಯ ಪಾಲು.

ಕಳೆದ ಮಳೆಗಾಲದಲ್ಲಿ ನನ್ನ ತಂಗಿಯ ಮೊಮ್ಮಗನು ಹೀಗೆಯೇ ಕೋಣವೊಂದಕ್ಕೆ ಬಣ್ಣ ತುಂಬಿ ನನ್ನ ಮುಂದೆ ಹಿಡಿದು, “ಅಜ್ಜಯ್ಯ, ಈ ಕೋಣ ಓಡುದಿಲ್ಯಾ?” ಎಂದು ಕೇಳಿದ. ಕಂಬಳ ನೋಡಿದ ಹುಡುಗ. ಹಾಗೆ ಕೇಳಿದ್ದು ಸಹಜವೇ.

ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ಹಳೆಯ ಉತ್ತರವೊಂದಿದೆ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಸೂತ್ರದ ಗೊಂಬೆಯಾಟವನ್ನು ಬಲ್ಲವರು ಬಹುಮಂದಿ. ಅಲ್ಲಿನ ಮರದ ಗೊಂಬೆಗಳಿಗೆ ಯಕ್ಷಗಾನದ ವೇಷ. ಭುಜ, ಮೊಣಕೈ, ಸೊಂಟ, ಮಂಡಿಗಳಲ್ಲಿ ಕೀಲು. ಐದಾರು ದಾರಗಳ ಎಳೆತದಿಂದ ಕುಣಿತ. ಬಣ್ಣ ಎಷ್ಟೇ ಸೊಗಸಾಗಿರಲಿ, ಗೊಂಬೆಗೆ ಜೀವ ಬರುವುದು ಕೀಲಿನಿಂದ. ಇದನ್ನೇ ಕಾಗದದ ಕೋಣಕ್ಕೂ ಅನ್ವಯಿಸಿದೆವು.

ಬೇಕಾದ ವಸ್ತುಗಳು ಎಲ್ಲರ ಮನೆಯಲ್ಲಿಯೂ ಇರುತ್ತವೆ. ಹಳೆಯ ನೋಟುಪುಸ್ತಕದ ರಟ್ಟು ಅಥವಾ ಮದುವೆಯ ಕರೆಯೋಲೆ, ಸೂಜಿ, ದಪ್ಪ ನೂಲು, ಕತ್ತರಿ, ಒಂದು ಹಿಡಿಸೂಡಿ ಕಡ್ಡಿ. ಅಂಟಿಗೆ ಒಂದು ಚಮಚ ಮೈದಾವನ್ನು ಐದಾರು ಚಮಚ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಗಟ್ಟಿಯಾಗುವ ತನಕ ಕಾಯಿಸಿದರೆ ಸಾಕು.

ಪಕ್ಕದಿಂದ ಕಾಣುವ ಪ್ರಾಣಿಯ ಚಿತ್ರವನ್ನೇ ಆರಿಸಬೇಕು. ಕತ್ತರಿಸುವ ಮೊದಲೇ ಬಣ್ಣ ತುಂಬಿ, ರಟ್ಟಿಗೆ ಅಂಟಿಸಿ, ಭಾರವಾದ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಡಬೇಕು. ಇಲ್ಲವಾದರೆ ಮಳೆಗಾಲದ ತೇವಕ್ಕೆ ರಟ್ಟು ಮುರುಟಿಕೊಳ್ಳುತ್ತದೆ. ಒಡಲನ್ನು ಕಾಲುಗಳಿಲ್ಲದೆ ಕತ್ತರಿಸಿ. ಕಾಲುಗಳನ್ನು ಬೇರೆ ರಟ್ಟಿನಲ್ಲಿ ಬರೆದು, ಮೇಲ್ತುದಿಯಲ್ಲಿ ಅರ್ಧ ಅಂಗುಲ ಹೆಚ್ಚು ಬಿಟ್ಟು ಕತ್ತರಿಸಿ. ಆ ಹೆಚ್ಚಿನ ಭಾಗವನ್ನು ಒಡಲಿನ ಹಿಂಬದಿಗೆ ಸೇರಿಸಿ, ಎರಡನ್ನೂ ಒಟ್ಟಿಗೆ ಸೂಜಿಯಿಂದ ಚುಚ್ಚಿ, ನೂಲು ತೂರಿಸಿ ಎರಡು ಬದಿಗೂ ಗಂಟು ಹಾಕಿ. ಗಂಟು ಸಡಿಲವಾಗಿರಲಿ, ಬಿಗಿಯಾದರೆ ಕಾಲು ಆಡುವುದಿಲ್ಲ. ಒಡಲಿನ ಹಿಂದೆ ಕಡ್ಡಿಯನ್ನು ಕಟ್ಟಿ ಹಿಡಿದು ಕುಲುಕಿದರೆ ಕೋಣ ಹೆಜ್ಜೆ ಹಾಕುತ್ತದೆ. ಸೂಜಿಯ ಕೆಲಸವನ್ನು ಹಿರಿಯರೇ ಮಾಡಬೇಕು.

ನಮ್ಮ ಹುಡುಗನಿಗೆ ಇಷ್ಟಕ್ಕೆ ತೃಪ್ತಿಯಾಗಲಿಲ್ಲ. ಹಿಂಗಾಲನ್ನು ಎರಡು ತುಂಡು ಮಾಡಿ ನಡುವೆ ಇನ್ನೊಂದು ಕೀಲು ಇಟ್ಟು, ತನ್ನ ಮಂಡಿಯಂತೆ ಮುಂದಕ್ಕೆ ಮಡಿಸಿದ. ಕೋಣ ಕುರ್ಚಿಯಲ್ಲಿ ಕುಳಿತ ಮನುಷ್ಯನಂತೆ ಕಂಡಿತು! ತಪ್ಪೆಲ್ಲಿ ಎಂದು ನಾನು ಹೇಳಲಿಲ್ಲ. ಕೊಡೆ ಹಿಡಿದು ಅವನನ್ನು ನೆರೆಮನೆಯ ಹಟ್ಟಿಗೆ ಕರೆದೊಯ್ದೆ. ಅವನು ಬಹಳ ಹೊತ್ತು ಎಮ್ಮೆಯ ಕಾಲನ್ನೇ ನೋಡುತ್ತ ನಿಂತ. ಎಮ್ಮೆಯ ಹಿಂಗಾಲಿನಲ್ಲಿ ಹಿಂದಕ್ಕೆ ಬಾಗಿ ಎದ್ದು ಕಾಣುವುದು ಮಂಡಿಯಲ್ಲ, ನಮ್ಮ ಹಿಮ್ಮಡಿಗೆ ಸಮನಾದ ಭಾಗ. ಅದರ ಮಂಡಿ ಮೇಲೆ, ಹೊಟ್ಟೆಯ ಹತ್ತಿರವಿದೆ. ಅದು ನಮ್ಮದರಂತೆ ಮುಂದಕ್ಕೇ ಬಾಗುತ್ತದೆ. ಆನೆಯಲ್ಲಿಯಾದರೋ ಹಿಂಗಾಲಿನ ಮಂಡಿ ಕೆಳಗೆ ಸ್ಪಷ್ಟವಾಗಿ ಕಾಣುವುದರಿಂದ ಅದು ನಮ್ಮಂತೆ ಮಂಡಿಯೂರಬಲ್ಲದು. ಬಣ್ಣ ತುಂಬುವಾಗ ಈ ಭೇದ ಯಾರಿಗೂ ಬೇಕಾಗಿರಲಿಲ್ಲ. ಕೀಲು ಇಡುವಾಗ ಬೇಕಾಯಿತು.

ಇನ್ನೆರಡು ಬಗೆಗಳನ್ನು ಹೇಳಿ ಮುಗಿಸುತ್ತೇನೆ. ಹುಲಿಯ ಮುಖದ ಚಿತ್ರ ದೊಡ್ಡದಿದ್ದರೆ ಅಡಕೆಯ ಹಾಳೆಯನ್ನು ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಭಾರವಿಟ್ಟು ಒಣಗಿಸಿ, ಅದಕ್ಕೆ ಚಿತ್ರವನ್ನು ಅಂಟಿಸಿ ಕಣ್ಣಿನ ತೂತು ಕೊರೆದರೆ ಹುಲಿವೇಷದ ಮುಖವಾಡವಾಗುತ್ತದೆ. ಎರಡನೆಯದು ತೊಗಲುಗೊಂಬೆಯ ರೀತಿ. ಅದರಲ್ಲಿ ಬೆಳಕು ಹಾಯುವಷ್ಟು ತೆಳುವಾಗಿಸಿದ ತೊಗಲಿಗೆ ಬಣ್ಣವಿಕ್ಕಿ, ಪರದೆಯ ಹಿಂದೆ ದೀಪವಿಟ್ಟು ಆಡಿಸುತ್ತಾರೆ. ತೊಗಲಿನ ಬದಲು, ಬಣ್ಣದ ಪೆನ್ಸಿಲಿನಿಂದ ತುಂಬಿದ ತೆಳು ಕಾಗದದ ಹಿಂಬದಿಗೆ ಒಂದೆರಡು ತೊಟ್ಟು ಕೊಬ್ಬರಿ ಎಣ್ಣೆ ಸವರಿ ಒರಸಿದರೆ ಕಾಗದದಲ್ಲಿಯೂ ಬೆಳಕು ಹಾಯುತ್ತದೆ. ಬಿಳಿ ಪಂಚೆಯೇ ಪರದೆ. ಬೆಳಕಿಗೆ ಟಾರ್ಚನ್ನೇ ಬಳಸಬೇಕು. ಎಣ್ಣೆ ಕುಡಿದ ಕಾಗದವನ್ನು ಉರಿಯುವ ದೀಪದ ಬಳಿಗೆ ಒಯ್ಯಲೇಬಾರದು.

ಪಟ್ಟಣದ ಮನೆಗಳಲ್ಲಿ ಹಟ್ಟಿ ಇಲ್ಲವೆಂದು ಚಿಂತಿಸಬೇಕಾಗಿಲ್ಲ. ಬೀದಿಯ ನಾಯಿ, ಗೋಡೆಯ ಮೇಲಿನ ಬೆಕ್ಕು, ಅಂಗಳದ ಕಾಗೆ ಇವೆಲ್ಲ ಇದ್ದೇ ಇವೆ. ಮಗುವಿಗೆ ಮೊದಲು ಅವುಗಳ ಚಿತ್ರವನ್ನೇ ಕೊಡಿ. ಕಾಲು ತಪ್ಪಾಗಿ ಮಡಿಸಿದರೆ ಕೂಡಲೇ ತಿದ್ದಲು ಹೋಗದೆ, ಕೈಹಿಡಿದು ಹೊರಗೆ ಕರೆದುಕೊಂಡು ಹೋಗಿ ತೋರಿಸಿ.

ನಮ್ಮ ಹುಡುಗನ ಕೋಣ ಒಲೆ ಸೇರಲಿಲ್ಲ. ಹಿಂಗಾಲು ಸರಿಯಾದ ಮೇಲೆ ಅವನು ಅದಕ್ಕೊಂದು ಜೊತೆ ಬೇಕೆಂದು ಹಟ ಹಿಡಿದ. ಈಗ ಜಗಲಿಯ ಕಿಟಕಿಯಲ್ಲಿ ಎರಡು ಕೋಣಗಳಿವೆ.