ಮಾಡಿಗೆ ಸೋಲಾರ್: ಸಬ್ಸಿಡಿ ನೋಡುವ ಮೊದಲು ಬಿಲ್ಲು ನೋಡಿ

ಮನೆಗೆ ಸೋಲಾರ್ ಹಾಕಿದರೆ ಸರಕಾರ 78 ಸಾವಿರ ರೂಪಾಯಿ ಕೊಡುತ್ತದಂತೆ, ಹೌದಾ? ಸೊಸೈಟಿಯ ಜಗಲಿಯಲ್ಲಿ, ಮದುವೆ ಮನೆಯಲ್ಲಿ ಈಗ ಇದೇ ಮಾತು. ಹೌದು, ಕೊಡುತ್ತದೆ. ಆದರೆ ಅದು ನಿಮ್ಮ ಮನೆಗೆ ಬೇಕಾ ಎನ್ನುವುದು ಬೇರೆ ಪ್ರಶ್ನೆ. ಸಬ್ಸಿಡಿ ಕಳೆದರೂ ಕೈಯಿಂದ ಹೋಗುವುದು ಲಕ್ಷದ ಆಸುಪಾಸು. ಸಣ್ಣ ಹಿಡುವಳಿದಾರನಿಗೆ ಇದು ಒಂದು ವರ್ಷದ ಗೊಬ್ಬರ-ಮದ್ದಿನ ದುಡ್ಡು. ಹಾಗಾಗಿ ಲೆಕ್ಕ ಹಾಕಿಯೇ ಮುಂದುವರಿಯಬೇಕು.

ಸೋಲಾರಿನಿಂದ ನಮಗೆ ಆಗಬೇಕಾದ್ದು ಎರಡರಲ್ಲಿ ಒಂದು. ಕರೆಂಟಿನ ಬಿಲ್ಲು ಇಳಿಯಬೇಕು, ಇಲ್ಲವೇ ಕರೆಂಟು ಹೋದಾಗ ಬೆಳಕು ಬೇಕು. ಎರಡೂ ಒಂದೇ ಅಂತ ತಿಳಿದವರು ಬಹಳ. ಒಂದೇ ಅಲ್ಲ. ಎರಡಕ್ಕೂ ಸಾಮಾನು ಬೇರೆ, ಲೆಕ್ಕವೂ ಬೇರೆ.

ಎರಡು ಬಗೆ

ಮೊದಲನೆಯದು ಬ್ಯಾಟರಿ ಇರುವ ಬಗೆ. ನಮ್ಮ ಕರಾವಳಿ, ಮಲೆನಾಡಿಗೆ ಇದು ಹೊಸತಲ್ಲ. ತೊಂಬತ್ತರ ದಶಕದಲ್ಲೇ ಲೈನು ಬಾರದ ಮನೆಗಳಿಗೆ ಸಣ್ಣ ಪ್ಯಾನೆಲ್, ಒಂದು ಬ್ಯಾಟರಿ, ನಾಲ್ಕು ಟ್ಯೂಬು ಬಂದಿತ್ತು. 2003ರಲ್ಲಿ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕಡಿಮೆ ಬಡ್ಡಿಗೆ ಇದಕ್ಕೆ ಸಾಲ ಕೊಟ್ಟವು. ಹಗಲು ಬ್ಯಾಟರಿ ತುಂಬುತ್ತದೆ, ರಾತ್ರಿ ಉರಿಸಬಹುದು. ಲೈನಿನ ಹಂಗಿಲ್ಲ.

ಎರಡನೆಯದು ಲೈನಿಗೆ ಜೋಡಿಸುವ ಬಗೆ. ಇದರಲ್ಲಿ ಬ್ಯಾಟರಿ ಇಲ್ಲ. ಹಗಲು ಹುಟ್ಟಿದ ಕರೆಂಟನ್ನು ಮನೆ ಬಳಸುತ್ತದೆ, ಮಿಕ್ಕಿದ್ದು ಲೈನಿಗೆ ಹೋಗುತ್ತದೆ. ಹೋದದ್ದು, ಬಂದದ್ದು ಎರಡನ್ನೂ ಮೀಟರು ಲೆಕ್ಕ ಇಡುತ್ತದೆ. ಈಗ ದೊಡ್ಡ ಸಬ್ಸಿಡಿ ಇರುವುದು ಇದಕ್ಕೆ.

ಇಲ್ಲೊಂದು ವಿಷಯ ಗಟ್ಟಿಯಾಗಿ ನೆನಪಿಡಿ. ಲೈನಿನಲ್ಲಿ ಕರೆಂಟು ಹೋದರೆ ಈ ಎರಡನೇ ಬಗೆಯ ಸೋಲಾರೂ ನಿಲ್ಲುತ್ತದೆ. ನೆತ್ತಿಯ ಮೇಲೆ ಸುಡುಬಿಸಿಲಿದ್ದರೂ ಫ್ಯಾನು ತಿರುಗದು. ಇದು ದೋಷವಲ್ಲ, ಬೇಕೆಂದೇ ಮಾಡಿದ ವ್ಯವಸ್ಥೆ. ನಿಮ್ಮ ಮನೆಯ ಕರೆಂಟು ಲೈನಿಗೆ ಹರಿದರೆ ಕಂಬ ಹತ್ತಿದ ಲೈನ್‌ಮನ್‌ನ ಜೀವಕ್ಕೇ ಅಪಾಯ. ಹಾಗಾಗಿ ಲೈನು ಸತ್ತ ಕೂಡಲೇ ಇನ್ವರ್ಟರು ತಾನಾಗಿ ಬಂದ್ ಆಗುತ್ತದೆ.

ಸಬ್ಸಿಡಿ ಎಷ್ಟು?

ಕೇಂದ್ರ ಸರಕಾರದ ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಆರಂಭವಾಯಿತು. ಅವಧಿ 2026-27ರವರೆಗೆ. ಒಂದು ಕೋಟಿ ಮನೆಗಳ ಗುರಿ. ಸಬ್ಸಿಡಿ ಹೀಗೆ:

1 ಕಿಲೋವ್ಯಾಟ್ – 30,000 ರೂ.
2 ಕಿಲೋವ್ಯಾಟ್ – 60,000 ರೂ.
3 ಕಿಲೋವ್ಯಾಟ್ ಮತ್ತು ಮೇಲೆ – 78,000 ರೂ.

ಅಂದರೆ ಮೊದಲೆರಡು ಕಿಲೋವ್ಯಾಟಿಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ ಮಾತ್ರ. ಆಮೇಲೆ ಎಷ್ಟು ಹಾಕಿದರೂ ಹೆಚ್ಚು ಸಿಗುವುದಿಲ್ಲ. ಬ್ಯಾಟರಿಗೆ ಸಬ್ಸಿಡಿ ಇಲ್ಲ. ಪ್ಯಾನೆಲ್ ಮಾತ್ರವಲ್ಲ, ಅದರೊಳಗಿನ ಸೆಲ್ಲೂ ಭಾರತದಲ್ಲೇ ತಯಾರಾದದ್ದಾಗಿರಬೇಕು. ಯೋಜನೆಯಲ್ಲಿ ನೋಂದಾಯಿಸಿದ ಕಂಪೆನಿಯೇ ಅಳವಡಿಸಬೇಕು, ಐದು ವರ್ಷ ನಿರ್ವಹಣೆಯೂ ಅವರದ್ದೇ. ಪಂಪಿಗೆ ಬೇರೆಯೇ ಯೋಜನೆ ಇದೆ, 2019ರಲ್ಲಿ ಬಂದ ಕುಸುಮ್. ಎರಡನ್ನೂ ಬೆರೆಸಿಕೊಳ್ಳಬೇಡಿ.

ಮೂರು ಮನೆಗಳ ಲೆಕ್ಕ

ಒಂದು ಕಿಲೋವ್ಯಾಟ್ ಪ್ಯಾನೆಲಿಗೆ ಸುಮಾರು ನೂರು ಚದರಡಿ ಜಾಗ ಬೇಕು. ಒಳ್ಳೆ ಬಿಸಿಲಿನ ದಿನ ನಾಲ್ಕು ಯೂನಿಟು ಅಥವಾ ಸ್ವಲ್ಪ ಹೆಚ್ಚು ಸಿಗುತ್ತದೆ. ಮಳೆ ಹೆಚ್ಚಿರುವ ನಮ್ಮ ಕಡೆಗೆ ವರ್ಷಕ್ಕೆ 1,300 ಯೂನಿಟು ಅಂತ ಇಟ್ಟುಕೊಂಡರೆ ಮೋಸವಿಲ್ಲ. ಕೊಳ್ಳುವ ಕರೆಂಟಿಗೆ ಯೂನಿಟಿಗೆ 6 ರೂಪಾಯಿ ಹಿಡಿಯೋಣ. ಲೈನಿಗೆ ಕೊಟ್ಟ ಹೆಚ್ಚುವರಿಗೆ ಸಿಗುವ ದರ ಇದಕ್ಕಿಂತ ಬಹಳ ಕಡಿಮೆ, ಸಬ್ಸಿಡಿ ಪಡೆದವರಿಗೆ ಇನ್ನೂ ಕಡಿಮೆ. ಲೆಕ್ಕಕ್ಕೆ ಎರಡೂವರೆ ರೂಪಾಯಿ ಎನ್ನೋಣ.

ಮೊದಲನೇ ಮನೆ. ತಿಂಗಳಿಗೆ 80 ಯೂನಿಟು. 2023ರ ಜುಲೈಯಿಂದ ಕರ್ನಾಟಕದಲ್ಲಿ ಗೃಹಜ್ಯೋತಿ ಇದೆ. ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ, 200 ಯೂನಿಟಿನ ಮಿತಿಯೊಳಗೆ, ಕರೆಂಟು ಉಚಿತ. ಈ ಮನೆಯ ಬಿಲ್ಲು ಸೊನ್ನೆ. ಸೊನ್ನೆಯನ್ನು ಇನ್ನೆಷ್ಟು ಇಳಿಸುವುದು? ಮೂರು ಕಿಲೋವ್ಯಾಟ್ ಹಾಕಿ ಹುಟ್ಟಿದ 3,900 ಯೂನಿಟನ್ನೂ ಮಾರಿದರೆ ವರ್ಷಕ್ಕೆ 9,750 ರೂ. ಸಬ್ಸಿಡಿ ಕಳೆದು 1,12,000 ರೂ. ಹಾಕಿದವರಿಗೆ ಅಸಲು ಬರಲು ಹನ್ನೊಂದು ವರ್ಷ ದಾಟುತ್ತದೆ. ಸಾಲ ಮಾಡಿದ್ದರೆ ಬಡ್ಡಿ ಬೇರೆ. ಇಂಥ ಮನೆಗೆ ಬಿಲ್ಲಿನ ಸೋಲಾರ್ ಬೇಡ.

ಎರಡನೇ ಮನೆ. ಫ್ರಿಜ್ಜು, ವಾಷಿಂಗ್ ಮೆಷಿನ್, ಗ್ರೈಂಡರು, ಜತೆಗೆ ಹಪ್ಪಳವೋ ಐಸ್‌ಕ್ರೀಮೋ ಮಾಡುವ ಸಣ್ಣ ಕೆಲಸ. ತಿಂಗಳಿಗೆ 280 ಯೂನಿಟು. ಇನ್ನೂರು ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಎರಡು ಕಿಲೋವ್ಯಾಟಿಗೆ 1,30,000 ರೂ. ಆಯಿತೆನ್ನಿ, ಸಬ್ಸಿಡಿ ಕಳೆದರೆ 70,000. ವರ್ಷಕ್ಕೆ ಹುಟ್ಟುವ 2,600 ಯೂನಿಟೂ ಮನೆಗೇ ಬೇಕು. ಉಳಿತಾಯ 15,600 ರೂ. ನಾಲ್ಕೂವರೆ ವರ್ಷದಲ್ಲಿ ಅಸಲು ಬಂತು. ಪ್ಯಾನೆಲಿಗೆ 25 ವರ್ಷದ ಭರವಸೆ ಇರುತ್ತದೆ. ಮಧ್ಯದಲ್ಲೊಮ್ಮೆ ಇನ್ವರ್ಟರು ಬದಲಿಸಿದರೂ ಇದು ಲಾಭದ ಬಾಬ್ತು.

ಇದೇ ಮನೆಯವರು 78 ಸಾವಿರದ ಆಸೆಗೆ ಮೂರು ಕಿಲೋವ್ಯಾಟ್ ಹಾಕಿದರೆ? ಮೂರನೆಯದಕ್ಕೆ 60 ಸಾವಿರ ಖರ್ಚಾದರೆ ಸಬ್ಸಿಡಿ 18 ಸಾವಿರ, ಕೈಯಿಂದ 42 ಸಾವಿರ. ಅದರಲ್ಲಿ ಹುಟ್ಟುವ 1,300 ಯೂನಿಟಿನಲ್ಲಿ ಮನೆಗೆ ಬೇಕಾದ್ದು 760, ಉಳಿದದ್ದು ಅಗ್ಗದ ದರಕ್ಕೆ ಲೈನಿಗೆ. ವರ್ಷಕ್ಕೆ ಆರು ಸಾವಿರವೂ ಗಿಟ್ಟದು. ಆ ಒಂದು ಕಿಲೋವ್ಯಾಟಿನ ಅಸಲಿಗೇ ಏಳು ವರ್ಷ. ಬಳಕೆಗೆ ತಕ್ಕಷ್ಟು ಹಾಕಿ, ಸಬ್ಸಿಡಿಗೆ ತಕ್ಕಷ್ಟಲ್ಲ.

ಮೂರನೇ ಮನೆ ನಮ್ಮಲ್ಲಿ ಹೆಚ್ಚಿನವರದ್ದು. ಬಿಲ್ಲು ಸೊನ್ನೆ, ಆದರೆ ಗಾಳಿಮಳೆಗೆ ಮರ ಬಿದ್ದರೆ ಎರಡು ದಿನ ಕತ್ತಲೆ. ಇವರಿಗೆ ಬೇಕಾದ್ದು ಹಳೆಯ ಬಗೆ, ಬ್ಯಾಟರಿಯದು. ಐದು ಎಲ್‌ಇಡಿ ಬಲ್ಬು, ಒಂದು ಫ್ಯಾನು, ಮೊಬೈಲು, ಇಂಟರ್ನೆಟ್ ಪೆಟ್ಟಿಗೆ ಎಲ್ಲ ಸೇರಿ 140 ವ್ಯಾಟ್. ಆರು ಗಂಟೆಗೆ 840 ವ್ಯಾಟ್-ಗಂಟೆ. 12 ವೋಲ್ಟಿನ 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1,800 ವ್ಯಾಟ್-ಗಂಟೆ ಇರುತ್ತದೆ. ಅರ್ಧಕ್ಕಿಂತ ಹೆಚ್ಚು ಹೀರದಿದ್ದರೆ ಸೀಸದ ಬ್ಯಾಟರಿ ಬಾಳಿಕೆ ಬರುತ್ತದೆ. ಅಲ್ಲಿಗೆ ಲೆಕ್ಕ ಸರಿಹೋಯಿತು. ಜತೆಗೆ 400 ವ್ಯಾಟಿನ ಪ್ಯಾನೆಲ್ ಸಾಕು. ಎಲ್ಲ ಸೇರಿ ಅಂದಾಜು 35ರಿಂದ 45 ಸಾವಿರ. ಮನೆಯಲ್ಲಿ ಈಗಾಗಲೇ ಇನ್ವರ್ಟರು, ಬ್ಯಾಟರಿ ಇದ್ದರೆ ಪ್ಯಾನೆಲ್ ಮತ್ತು ಚಾರ್ಜ್ ಕಂಟ್ರೋಲರು ಸೇರಿಸಿದರೆ ಆಯಿತು, ಖರ್ಚು ಅರ್ಧಕ್ಕಿಂತ ಕಡಿಮೆ. ಲೈನು ಎರಡು ದಿನ ಬಾರದಿದ್ದರೂ ಬ್ಯಾಟರಿ ಅಷ್ಟಿಷ್ಟು ತುಂಬುತ್ತಿರುತ್ತದೆ.

ಎರಡೂ ಬೇಕೆನ್ನುವವರಿಗೆ ಹೈಬ್ರಿಡ್ ಇನ್ವರ್ಟರು ಇದೆ. ಲೈನಿಗೂ ಜೋಡಿಸಬಹುದು, ಬ್ಯಾಟರಿಯೂ ಇರುತ್ತದೆ. ಪ್ಯಾನೆಲ್ ಬಾಬ್ತು ಸಬ್ಸಿಡಿ ಸಿಗುತ್ತದೆ, ಬ್ಯಾಟರಿ ಖರ್ಚು ನಿಮ್ಮದೇ.

ಕಾಸರಗೋಡಿನ ಓದುಗರಿಗೆ ಒಂದು ಮಾತು. ಕೇಂದ್ರದ ಸಬ್ಸಿಡಿ ಅಲ್ಲೂ ಇದೇ. ಆದರೆ ಗೃಹಜ್ಯೋತಿ ಇಲ್ಲ, ಬಳಕೆ ಏರಿದಂತೆ ಯೂನಿಟಿನ ದರವೂ ಏರುತ್ತದೆ. ಹಾಗಾಗಿ ಅಲ್ಲಿ ಮಧ್ಯಮ ಬಳಕೆಯ ಮನೆಗೂ ಲೆಕ್ಕ ಕೂಡಿ ಬರಬಹುದು.

ಮಾಡು, ನೆರಳು, ಸಿಡಿಲು

ತೋಟದ ನಡುವಿನ ಮನೆಗೆ ದೊಡ್ಡ ಶತ್ರು ನೆರಳು. ಪ್ಯಾನೆಲುಗಳನ್ನು ಸರಪಳಿಯಂತೆ ಜೋಡಿಸಿರುತ್ತಾರೆ. ಒಂದರ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೆ ಉಳಿದವುಗಳ ಉತ್ಪತ್ತಿಯೂ ಇಳಿಯಬಹುದು. ಬೆಳಗ್ಗೆ ಒಂಬತ್ತರಿಂದ ಸಂಜೆ ಮೂರರ ತನಕ ನೆರಳು ಬೀಳದ ಜಾಗ ಇದೆಯಾ ಎಂದು ಮೊದಲು ನೋಡಿ. ಡಿಸೆಂಬರಿನಲ್ಲಿ ಸೂರ್ಯ ತೆಂಕಕ್ಕೆ ವಾಲುವುದರಿಂದ ನೆರಳು ಉದ್ದ, ಆಗಲೇ ನೋಡಿದರೆ ಒಳ್ಳೆಯದು. ಪ್ಯಾನೆಲಿನ ಮುಖ ತೆಂಕಕ್ಕೆ, ಓರೆ 12ರಿಂದ 15 ಡಿಗ್ರಿ.

ಹಂಚಿನ ಮಾಡಾದರೆ ಪಕ್ಕಾಸು, ರೀಪು ಗಟ್ಟಿ ಇದೆಯಾ ಅಂತ ಬಡಗಿಯನ್ನು ಕರೆದು ತೋರಿಸಿ. ಗಾಳಿಗೆ ಪ್ಯಾನೆಲ್ ಹಾಯಿಯಂತೆ ಎತ್ತುತ್ತದೆ. ಸಿಡಿಲು ಹೆಚ್ಚಿರುವ ನಮ್ಮ ಊರುಗಳಲ್ಲಿ ಮಿಂಚುಬಂಧಕ ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಕೆಲಸ ಒಪ್ಪಿಕೊಳ್ಳಬೇಡಿ. ಮಳೆಗಾಲ ಮುಗಿದ ಮೇಲೆ ಪಾಚಿ ಒರೆಸಿ. ಆಟಿಯಲ್ಲಿ ಉತ್ಪತ್ತಿ ಅರ್ಧಕ್ಕೂ ಇಳಿದರೆ ಗಾಬರಿ ಬೇಡ, ಬೇಸಗೆ ಅದನ್ನು ತುಂಬಿಕೊಡುತ್ತದೆ.

ಅರ್ಜಿ ಹಾಕುವ ಮೊದಲು

* ಮೀಟರು ಯಾರ ಹೆಸರಿನಲ್ಲಿದೆ? ತೀರಿಹೋದ ಅಜ್ಜನ ಹೆಸರಲ್ಲಿದ್ದರೆ ಮೊದಲು ಅದನ್ನು ಬದಲಾಯಿಸಿ. ಅರ್ಜಿ, ಬಿಲ್ಲು, ಬ್ಯಾಂಕ್ ಖಾತೆಯ ಹೆಸರು ತಾಳೆಯಾಗಬೇಕು.

* ಸಬ್ಸಿಡಿ ಬರುವುದು ಕೆಲಸ ಮುಗಿದು ತಪಾಸಣೆಯಾದ ಮೇಲೆ, ನೇರ ನಿಮ್ಮ ಖಾತೆಗೆ. ಅಲ್ಲಿಯತನಕ ಪೂರ್ತಿ ಹಣ ನೀವೇ ಹೊಂದಿಸಬೇಕು. ಸಾಲಕ್ಕೆ ಯೋಜನೆಯಲ್ಲೇ ಅವಕಾಶ ಇದೆ. 2024ರಲ್ಲಿ ಬಡ್ಡಿ ಸುಮಾರು ಶೇ. 7 ಇತ್ತು. ಈಗಿನದ್ದು ಬ್ಯಾಂಕಿನಲ್ಲಿ ಕೇಳಿ.

* ಕನಿಷ್ಠ ಮೂರು ಕಡೆ ದರ ಕೇಳಿ, ಬರಹದಲ್ಲಿ ಪಡೆಯಿರಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಪ್ಯಾನೆಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಹಳೆ ತೆರಿಗೆ ಹಾಕಿದ್ದಾರಾ ನೋಡಿ.

* ಸೋಲಾರ್ ಪೂರ್ತಿ ಉಚಿತ, ಒಟಿಪಿ ಮಾತ್ರ ಹೇಳಿ ಎನ್ನುವ ಫೋನಿಗೆ ಉತ್ತರ ಬೇಡ.

ಕೊನೆಗೆ ಮಾಡಬೇಕಾದ್ದು ಇಷ್ಟೇ. ಕಳೆದ ಹನ್ನೆರಡು ತಿಂಗಳ ಬಿಲ್ಲು ತೆಗೆದು ಯೂನಿಟು ಬರೆದುಕೊಳ್ಳಿ. ಪಕ್ಕದಲ್ಲಿ, ಮಳೆಗಾಲದಲ್ಲಿ ಎಷ್ಟು ರಾತ್ರಿ ಕರೆಂಟಿರಲಿಲ್ಲ ಅಂತ ಬರೆಯಿರಿ. ಯೂನಿಟು ಇನ್ನೂರು ದಾಟಿದ್ದರೆ ಲೈನಿನ ಸೋಲಾರ್. ಕತ್ತಲೆಯ ರಾತ್ರಿಗಳೇ ಹೆಚ್ಚಾದರೆ ಬ್ಯಾಟರಿ. ಎರಡೂ ಕಡಿಮೆಯಾಗಿದ್ದರೆ ಆ ದುಡ್ಡಿಗೆ ತೋಟದಲ್ಲೇ ಬೇರೆ ಕೆಲಸ ಇದೆ.